ಸಾವಿರಾರು ಹಸುಗಳ ಡೇರಿಗೆ ಹೋದ ವಿದ್ಯಾರ್ಥಿಗಳು ಕಲಿತು ಬರುವುದೇನು?



ಕಳೆದ ತಿಂಗಳು ಒಂದು ಮಹಿಳಾ ಹಾಲು ಉತ್ಪಾದಕರ ಸಂಘದ ಸಭೆ ಮುಗಿದ ಮೇಲೆ ಸದಸ್ಯೆಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಅವರಿಗೆ ಮೂರು ಮಿಶ್ರತಳಿ ಹಸು. ಡಿಪ್ಲೊಮಾ ಮುಗಿಸಿದ ಮಗ ಮನೆಯಲ್ಲೇ ಇದ್ದಾನೆ. ಅವನು ಮೊಬೈಲಿನಲ್ಲಿ ಅಮೆರಿಕದ ಡೇರಿಯೊಂದರ ವಿಡಿಯೊ ತೋರಿಸಿದ್ದಾನೆ. ದೊಡ್ಡ ಚಕ್ರದಂತೆ ನಿಧಾನಕ್ಕೆ ತಿರುಗುವ ಕಟ್ಟೆ. ಹಸುಗಳು ತಾವಾಗಿಯೇ ಹತ್ತಿ ನಿಲ್ಲುತ್ತವೆ, ಒಂದು ಸುತ್ತು ಬರುವಷ್ಟರಲ್ಲಿ ಹಾಲು ಕರೆದು ಮುಗಿದಿರುತ್ತದೆ.

"ಅಮ್ಮಾ, ಮೂರು ಹಸು ಕಟ್ಕೊಂಡು ಇನ್ನೆಷ್ಟು ದಿನ ಸಗಣಿ ಬಾಚ್ತೀಯ, ಸಾಲ ಮಾಡಿ ಇಪ್ಪತ್ತು ಹಸು ತರೋಣ ಅಂತಾನೆ ಮೇಡಂ. ಬೇಡ ಅಂದ್ರೆ ಬೆಂಗಳೂರಿಗೆ ಹೊರಟುಹೋಗ್ತಾನೆ. ಹೂಂ ಅಂದ್ರೆ ಜಮೀನು ಬ್ಯಾಂಕಿನಲ್ಲಿ ಅಡ ಬೀಳುತ್ತೆ. ಏನು ಹೇಳ್ಲಿ?" ಎಂದು ಕೇಳಿದರು.

ನಿಂತ ನಿಲುವಿನಲ್ಲಿ ಉತ್ತರ ಹೇಳುವ ಮಾತಲ್ಲ ಅದು. ಈ ಪ್ರಶ್ನೆ ಅವರೊಬ್ಬರದೂ ಅಲ್ಲ. ನಿಮ್ಮಲ್ಲಿ ಎಷ್ಟೋ ಮಂದಿಯ ಮನೆಯಲ್ಲಿ ಇದೇ ಮಾತು ನಡೆದಿರಬಹುದು. ಆದ್ದರಿಂದ ಆ ವಿಡಿಯೊದ ದೇಶಕ್ಕೇ ಒಮ್ಮೆ ಹೋಗಿ ನೋಡೋಣ. ಒಬ್ಬರೇ ಹೋಗುವುದು ಬೇಡ. ದೊಡ್ಡ ಡೇರಿಗಳನ್ನು ನೋಡಿ ಕಲಿಯಲೆಂದೇ ಅಲ್ಲಿಗೆ ಬರುವ ಕಾಲೇಜು ವಿದ್ಯಾರ್ಥಿಗಳ ಹಿಂದೆ ನಾವೂ ಒಂದು ಸುತ್ತು ಹಾಕಿ ಬರೋಣ.

ಕ್ಲೋವಿಸ್ ಎಂಬ ಒಣ ಊರು

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಪೂರ್ವ ಅಂಚಿನಲ್ಲಿ, ಟೆಕ್ಸಾಸ್ ಗಡಿಗೆ ಹತ್ತಿಕೊಂಡು ಕ್ಲೋವಿಸ್ ಎಂಬ ಊರಿದೆ. ಹಸಿರು ಬೆಟ್ಟ, ತುಂಬಿ ಹರಿಯುವ ಹೊಳೆ ಎಂದೆಲ್ಲ ಅಂದುಕೊಳ್ಳಬೇಡಿ. ಮಟ್ಟಸವಾದ ಬಯಲು, ಗಾಳಿ, ಧೂಳು. ಮಳೆ ಹೆಚ್ಚುಕಡಿಮೆ ನಮ್ಮ ಚಳ್ಳಕೆರೆ ಸೀಮೆಯಷ್ಟೇ. ಆದರೂ ಸುತ್ತಮುತ್ತ ಸಾವಿರಾರು ಹಸುಗಳ ಡೇರಿಗಳಿವೆ. ನ್ಯೂ ಮೆಕ್ಸಿಕೊದಲ್ಲಿ ಒಂದು ಡೇರಿಗೆ ಸರಾಸರಿ 2 ಸಾವಿರಕ್ಕೂ ಹೆಚ್ಚು ಹಸು. ಅಮೆರಿಕದಲ್ಲೇ ದೊಡ್ಡ ಹಿಂಡುಗಳಿಗೆ ಹೆಸರಾದ ರಾಜ್ಯ ಅದು. ಆ ದೇಶದ ದೊಡ್ಡ ಚೀಸ್ ಕಾರ್ಖಾನೆಗಳಲ್ಲೊಂದು ಕ್ಲೋವಿಸ್‌ನಲ್ಲೇ ಇದೆ.

ಈ ಊರಿನಲ್ಲಿ 2008ರಿಂದ ಬೇಸಿಗೆ ರಜೆಯಲ್ಲಿ ಒಂದು ತರಬೇತಿ ನಡೆಯುತ್ತಿದೆ. ಅರಿಜೋನಾ, ಟೆಕ್ಸಾಸ್ ಎ ಅಂಡ್ ಎಂ, ನ್ಯೂ ಮೆಕ್ಸಿಕೊ ಸ್ಟೇಟ್ ಎಂಬ ಮೂರು ವಿಶ್ವವಿದ್ಯಾಲಯಗಳು ಸೇರಿ ಶುರು ಮಾಡಿದ್ದು. ಬೇರೆ ಬೇರೆ ರಾಜ್ಯಗಳ ಕಾಲೇಜುಗಳಿಂದ ವಿದ್ಯಾರ್ಥಿಗಳು ಬಂದು ಆರು ವಾರ ಇರುತ್ತಾರೆ. ಬೆಳಿಗ್ಗೆ ಪಾಠ, ಆಮೇಲೆ ಡೇರಿ. ಓದಿದ್ದನ್ನು ಅದೇ ದಿನ ಹಸುವಿನ ಮುಂದೆ ನಿಂತು ನೋಡಬೇಕು, ಕೈಯಾರೆ ಮಾಡಬೇಕು. ಕರು ಸಾಕಣೆ, ಮೇವು, ಬೆದೆ ಮತ್ತು ಗಬ್ಬ, ಕೆಚ್ಚಲಿನ ಆರೋಗ್ಯ, ಹಣದ ಲೆಕ್ಕ, ಹೀಗೆ ಒಂದೊಂದು ವಿಷಯ.

ಇಂಥ ತರಬೇತಿ ಯಾಕೆ ಬೇಕಾಯಿತು ಗೊತ್ತೇ? ಖರ್ಚು ತಾಳಲಾರದೆ ಅಲ್ಲಿನ ಎಷ್ಟೋ ವಿಶ್ವವಿದ್ಯಾಲಯಗಳು ತಮ್ಮ ಹಸುಗಳನ್ನು ಮಾರಿಬಿಟ್ಟವು. ಹಳ್ಳಿಗಳಲ್ಲಿ ಸಣ್ಣ ಡೇರಿಗಳು ಮುಚ್ಚುತ್ತಾ ಬಂದವು. ಡೇರಿ ವಿಜ್ಞಾನ ಓದುವ ಮಕ್ಕಳಿಗೆ ಹಸು ಮುಟ್ಟುವುದಕ್ಕೇ ಅವಕಾಶ ಕಡಿಮೆಯಾಯಿತು. ಹಸು ಯಾಕೆ ಮೇವು ಬಿಟ್ಟಿದೆ, ಯಾಕೆ ಕಿವಿ ಜೋತು ನಿಂತಿದೆ ಎಂದು ನೋಡಿದೊಡನೆ ತಿಳಿಯುವ ಕಣ್ಣು ಪುಸ್ತಕದಿಂದ ಬರುವುದಿಲ್ಲ. ನಿಮಗೆ ಆ ಕಣ್ಣು ಇದೆ. ಆ ಮಕ್ಕಳು ಆರು ವಾರ ಹೋಗಿ ಮೊದಲು ಕಲಿಯುವುದು ಅದನ್ನೇ.

ಅವರಲ್ಲಿ ಇರುವುದು, ನಮ್ಮಲ್ಲಿ ಇಲ್ಲದಿರುವುದು

ಹಾಗಾದರೆ ನಾವು ಕಲಿಯುವುದು ಏನೂ ಇಲ್ಲವೇ? ಇದೆ. ಎರಡು ಸಾವಿರ ಹಸುವನ್ನು ಯಾರೂ ನೆನಪಿನಲ್ಲಿ ಇಟ್ಟುಕೊಳ್ಳಲಾರರು. ಆದ್ದರಿಂದ ಅಲ್ಲಿ ಎಲ್ಲವನ್ನೂ ಬರೆಯುತ್ತಾರೆ. ಪ್ರತಿ ಹಸುವಿನ ಕಿವಿಯಲ್ಲಿ ನಂಬರು. ಯಾವತ್ತು ಕರು ಹಾಕಿತು, ಯಾವತ್ತು ಬೆದೆಗೆ ಬಂತು, ಯಾವತ್ತು ಇಂಜೆಕ್ಷನ್ ಕೊಟ್ಟರು, ಎಷ್ಟು ಹಾಲು ಕೊಟ್ಟಿತು, ಎಲ್ಲ ಕಂಪ್ಯೂಟರಿನಲ್ಲಿ. ಕೆಲವು ಡೇರಿಗಳಲ್ಲಿ ಹಸುವಿನ ಕೊರಳಪಟ್ಟಿಯೇ ಅದು ಎಷ್ಟು ಹೊತ್ತು ಮೆಲುಕು ಹಾಕಿತು, ಎಷ್ಟು ಓಡಾಡಿತು ಎಂದು ಲೆಕ್ಕ ಇಡುತ್ತದೆ. ಬೆಳಿಗ್ಗೆ ಎದ್ದರೆ ಇವತ್ತು ನೋಡಬೇಕಾದ ಹಸುಗಳ ಪಟ್ಟಿ ಸಿದ್ಧ.

ನಮಗೆ ಮೂರೇ ಹಸು. ಹೆಸರಿಟ್ಟು ಕರೆಯುತ್ತೇವೆ. ಎಲ್ಲ ನೆನಪಿದೆ ಎಂದುಕೊಳ್ಳುತ್ತೇವೆ. ಆದರೆ ಗೌರಿ ಬೆದೆಗೆ ಬಂದದ್ದು ಯಾವತ್ತು ಎಂದು ಕೇಳಿದರೆ, "ಹಬ್ಬ ಆದ ಮೇಲೆ, ಮಳೆ ಬಂತಲ್ಲ, ಆವಾಗ" ಎನ್ನುತ್ತೇವೆ. ಈ ಒಂದು ಮಾತಿನಲ್ಲಿ ಎಷ್ಟು ದುಡ್ಡು ಹೋಗುತ್ತದೆ ಎಂಬುದನ್ನು ಮುಂದೆ ಲೆಕ್ಕ ಹಾಕೋಣ. ಅದಕ್ಕೆ ಮೊದಲು, ವಿದ್ಯಾರ್ಥಿಗಳು ಡೇರಿಯಲ್ಲಿ ನೋಡುವ ಕೆಲಸಗಳಲ್ಲಿ ನಾಳೆಯಿಂದಲೇ ನೀವು ಮಾಡಬಹುದಾದ ನಾಲ್ಕನ್ನು ಹೇಳುತ್ತೇನೆ. ಇದಕ್ಕೆ ಸಾಲ ಬೇಡ.

1. ಹುಟ್ಟಿದ ಕರುವಿಗೆ ಗಿಣ್ಣದ ಹಾಲು, ಗಡಿಯಾರ ನೋಡಿ

ದೊಡ್ಡ ಡೇರಿಯಲ್ಲಿ ಕರು ಹುಟ್ಟಿದರೆ ಮೊದಲ ಕೆಲಸ ಗಿಣ್ಣದ ಹಾಲು ಕುಡಿಸುವುದು. ಅದರ ಗುಣಮಟ್ಟವನ್ನು ಸಣ್ಣ ಉಪಕರಣದಲ್ಲಿ ಅಳೆದು, ಸಾಮಾನ್ಯವಾಗಿ 4 ಲೀಟರಿನ ಹತ್ತಿರ ಕುಡಿಸುತ್ತಾರೆ. ಕುಡಿಸಿದ ಸಮಯವನ್ನೂ ಬರೆಯುತ್ತಾರೆ. ಯಾಕೆಂದರೆ ಕರು ಹುಟ್ಟುವಾಗ ಅದರ ಮೈಯಲ್ಲಿ ರೋಗ ತಡೆಯುವ ಶಕ್ತಿ ಇರುವುದಿಲ್ಲ. ಅದು ಗಿಣ್ಣದ ಹಾಲಿನಿಂದಲೇ ಬರಬೇಕು. ಕರುವಿನ ಕರುಳು ಆ ಶಕ್ತಿಯನ್ನು ಹೀರಿಕೊಳ್ಳುವುದು ಗಂಟೆಗಂಟೆಗೂ ಕಡಿಮೆಯಾಗುತ್ತಾ, ಒಂದು ದಿನ ಕಳೆಯುವಷ್ಟರಲ್ಲಿ ನಿಂತೇಹೋಗುತ್ತದೆ.

ನಮ್ಮಲ್ಲಿ ಇನ್ನೂ ಎಷ್ಟೋ ಮನೆಗಳಲ್ಲಿ ಮಾಸು ಬೀಳುವ ತನಕ ಕರುವನ್ನು ಕೆಚ್ಚಲಿಗೆ ಬಿಡುವುದಿಲ್ಲ. ಮಾಸು ಬೀಳಲು ಎಂಟು ಹತ್ತು ಗಂಟೆ ಹಿಡಿದರೆ ಕರುವಿನ ಬಾಗಿಲು ಅರ್ಧ ಮುಚ್ಚಿದಂತೆಯೇ. ದಯವಿಟ್ಟು ಕಾಯಬೇಡಿ. ಕರು ಎದ್ದು ನಿಂತ ಒಂದೆರಡು ಗಂಟೆಯೊಳಗೆ ಕುಡಿಸಿ. ಕರು ಕುಡಿದರೆ ಮಾಸು ಬೀಳುವುದಕ್ಕೂ ಅನುಕೂಲವೇ. ಕರುವಿನ ತೂಕದ ಹತ್ತನೇ ಒಂದು ಭಾಗ ಗಿಣ್ಣದ ಹಾಲು ಮೊದಲ ದಿನ ಹೊಟ್ಟೆಗೆ ಸೇರಬೇಕು. 25 ಕೆಜಿ ಕರುವಿಗೆ ಎರಡೂವರೆ ಲೀಟರ್, ಅದರಲ್ಲಿ ಅರ್ಧ ಮೊದಲ ಸಲಕ್ಕೇ. ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ. ಮನೆಯವರಿಗೆ, ನೆರೆಯವರಿಗೆ ಗಿಣ್ಣು ಮಾಡುವುದು ಉಳಿದ ಹಾಲಿನಲ್ಲಿ. ಕರುವಿನ ಪಾಲು ಮೊದಲು.

2. ಹಾಲು ಕರೆಯುವಾಗ ಒಂದೇ ಕ್ರಮ

ಹಾಲು ಕರೆಯುವ ಮನೆಯಲ್ಲಿ ವಿದ್ಯಾರ್ಥಿಗಳು ಗಡಿಯಾರ ಹಿಡಿದು ನಿಲ್ಲುತ್ತಾರೆ. ಮೊದಲ ಎರಡು ಮೂರು ಧಾರೆ ಹಿಂಡಿ ನೋಡುವುದು, ಮೊಲೆಗಳನ್ನು ಔಷಧಿ ದ್ರಾವಣದಲ್ಲಿ ಅದ್ದುವುದು, ಅರ್ಧ ನಿಮಿಷ ಬಿಟ್ಟು ಒಣಬಟ್ಟೆಯಲ್ಲಿ ಒರೆಸುವುದು, ಒಂದೂವರೆ ನಿಮಿಷದೊಳಗೆ ಯಂತ್ರ ಹಾಕುವುದು, ಮುಗಿದ ಮೇಲೆ ಮತ್ತೆ ಅದ್ದುವುದು. ಯಾರು ಕರೆದರೂ, ರಾತ್ರಿಯಾದರೂ ಹಗಲಾದರೂ ಇದೇ ಕ್ರಮ. ಒಂದು ಹಸುವನ್ನು ಒರೆಸಿದ ಬಟ್ಟೆ ಇನ್ನೊಂದಕ್ಕಿಲ್ಲ.

ನೀವು ಮಾಡಬೇಕಾದದ್ದು: ಮೊದಲ ಧಾರೆಯನ್ನು ನೆಲಕ್ಕೆ ಬಿಡದೆ ಒಂದು ಕಪ್ಪು ಬಟ್ಟಲಿಗೆ ಹಿಂಡಿ ನೋಡಿ. ಗರಣೆ, ನೀರು, ರಕ್ತ ಕಂಡರೆ ಕೆಚ್ಚಲು ಬಾವಿನ ಗುರುತು. ಹೆಬ್ಬೆರಳು ಮಡಚಿ ಹಿಂಡಬೇಡಿ, ಮುಷ್ಟಿಯಲ್ಲಿ ಹಿಂಡಿ. ಹಸುವಿಗೊಂದು ಬಟ್ಟೆ ಇರಲಿ. ಕರೆದಾದ ಮೇಲೆ ಮೊಲೆಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ. ಕರೆದ ಮೇಲೆ ಅರ್ಧ ಗಂಟೆ ಹಸು ಮಲಗದಂತೆ ನೋಡಿಕೊಳ್ಳಿ. ಆಗ ಮೊಲೆಯ ತುದಿ ಇನ್ನೂ ತೆರೆದಿರುತ್ತದೆ, ಸಗಣಿ ನೆಲಕ್ಕೆ ತಾಗಿದರೆ ರೋಗಾಣು ಒಳಗೆ ಹೋಗುತ್ತದೆ. ಇದಕ್ಕೆ ದೊಡ್ಡ ಡೇರಿಯವರ ಉಪಾಯ ಸರಳ: ಹಾಲು ಕರೆದು ಹಸು ಹೊರಗೆ ಬರುವ ಹೊತ್ತಿಗೆ ಮುಂದೆ ಹೊಸ ಮೇವು ಇರುತ್ತದೆ. ನೀವೂ ಹಸಿ ಮೇವನ್ನು ಕರೆಯುವ ಮೊದಲು ಹಾಕದೆ ಕರೆದ ಮೇಲೆ ಹಾಕಿ. ಖರ್ಚು ಸೊನ್ನೆ.

ಇನ್ನೊಂದು ಮಾತು. ಅಲ್ಲಿ ಔಷಧಿ ಕೊಟ್ಟ ಹಸುವಿನ ಕಾಲಿಗೆ ಬಣ್ಣದ ಪಟ್ಟಿ ಕಟ್ಟುತ್ತಾರೆ. ಆ ಹಾಲು ಟ್ಯಾಂಕಿಗೆ ಸೇರುವ ಹಾಗಿಲ್ಲ. ಕಾರ್ಖಾನೆಗೆ ಬರುವ ಪ್ರತಿ ಟ್ಯಾಂಕರ್ ಹಾಲಿಗೂ ಆಂಟಿಬಯೋಟಿಕ್ ಪರೀಕ್ಷೆ ಇದೆ. ಒಂದು ಹಸುವಿನ ಹಾಲಿನಿಂದ ಇಡೀ ಟ್ಯಾಂಕರ್ ಚೆಲ್ಲಬೇಕಾಗಬಹುದು. ನಮ್ಮ ಬಿಎಂಸಿಯಲ್ಲೂ ನಿಮ್ಮ ಹಾಲು ಊರಿನವರೆಲ್ಲರ ಹಾಲಿನೊಂದಿಗೆ ಬೆರೆಯುತ್ತದೆ. ಇಂಜೆಕ್ಷನ್ ಕೊಟ್ಟ ದಿನವೇ ಹಸುವಿನ ಕಾಲಿಗೆ ಕೆಂಪು ಬಟ್ಟೆ ಕಟ್ಟಿ. ವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಸಂಘಕ್ಕೆ ಹಾಕಬೇಡಿ. ನೀವು ಊರಿಗೆ ಹೋದ ದಿನ ಸೊಸೆಯೋ ಮಗನೋ ಕರೆದರೂ ಆ ಬಟ್ಟೆ ನೋಡಿ ಗೊತ್ತಾಗುತ್ತದೆ.

3. ಕರು ಹಾಕಿದ ಮೇಲಿನ ಹತ್ತು ದಿನ

ದೊಡ್ಡ ಡೇರಿಯಲ್ಲಿ ಈಗಷ್ಟೇ ಕರು ಹಾಕಿದ ಹಸುಗಳಿಗೆ ಬೇರೆಯೇ ಜಾಗ. ಬೆಳಿಗ್ಗೆ ಮೇವಿನ ಮುಂದೆ ನಿಂತಾಗ ಒಂದೊಂದನ್ನೇ ನೋಡುತ್ತಾರೆ: ಮೇವು ತಿನ್ನುತ್ತಿದೆಯೇ, ಕಿವಿ ತಣ್ಣಗಿದೆಯೇ, ಕಣ್ಣು ಗುಳಿ ಬಿದ್ದಿದೆಯೇ, ಮಾಸು ಪೂರ್ತಿ ಬಿದ್ದಿದೆಯೇ, ಕೆಟ್ಟ ವಾಸನೆ ಇದೆಯೇ, ಜ್ವರ ಇದೆಯೇ. ಹಾಲಿನ ಜ್ವರ, ಗರ್ಭಕೋಶದ ಸೋಂಕು, ಕೆಚ್ಚಲು ಬಾವು ಬಹುಪಾಲು ಈ ದಿನಗಳಲ್ಲೇ ಶುರುವಾಗುತ್ತವೆ. ಮುಂದಿನ ಹತ್ತು ತಿಂಗಳ ಹಾಲು ಈ ಹತ್ತು ದಿನದ ಮೇಲೆ ನಿಂತಿದೆ.

ಒಂದು ಥರ್ಮಾಮೀಟರ್ ಮನೆಯಲ್ಲಿ ಇಟ್ಟುಕೊಳ್ಳಿ. ಹಸುವಿನ ಮೈ ಬಿಸಿ ಸಾಮಾನ್ಯವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 103 ದಾಟಿದರೆ ಡಾಕ್ಟರಿಗೆ ಫೋನ್ ಮಾಡಿ, ಮೇವು ಬಿಡುವವರೆಗೆ ಕಾಯಬೇಡಿ. ಕಿವಿ ತಣ್ಣಗಾಗಿ ಹಸು ಏಳದಿದ್ದರೆ ಒಂದು ಗಳಿಗೆಯೂ ತಡ ಬೇಡ. ಇದಕ್ಕೆ ಎರಡು ತಿಂಗಳು ಮೊದಲೇ ತಯಾರಿ ಇರಬೇಕು. ಗಬ್ಬದ ಕೊನೆಯ 60 ದಿನ ಹಾಲು ಬತ್ತಿಸಿ ಹಸುವಿಗೆ ವಿಶ್ರಾಂತಿ ಕೊಡುವುದು ಅಲ್ಲಿ ಕಟ್ಟುನಿಟ್ಟು. ಇನ್ನೂ ಎರಡು ಲೀಟರ್ ಬರುತ್ತಿದೆಯಲ್ಲ ಎಂಬ ಆಸೆಗೆ ಬಿದ್ದರೆ ಮುಂದಿನ ಸೂಲಿನಲ್ಲಿ ಅದಕ್ಕಿಂತ ಹೆಚ್ಚು ಕಳೆದುಕೊಳ್ಳುತ್ತೇವೆ.

4. ನೀರು, ನೆರಳು, ಬಿಡುವು

ಕ್ಲೋವಿಸ್ ಸುತ್ತಲಿನ ಡೇರಿಗಳಲ್ಲಿ ಬಹುತೇಕ ಹಸುಗಳು ಬೇಲಿ ಹಾಕಿದ ದೊಡ್ಡ ಬಯಲಿನಲ್ಲಿ ಬಿಟ್ಟುಕೊಂಡಿರುತ್ತವೆ. ಮೇಲೆ ನೆರಳಿನ ಚಪ್ಪರ. ಕುಡಿಯುವ ನೀರು ಹಗಲೂ ರಾತ್ರಿ ತೊಟ್ಟಿಯಲ್ಲಿ. ಹಾಲಿನಲ್ಲಿ ನೂರಕ್ಕೆ 87 ಭಾಗ ನೀರೇ. ದಿನಕ್ಕೆ ಎರಡು ಸಲ ಬಕೆಟ್ ತೋರಿಸಿ ಹಾಲು ಬರಲಿ ಎಂದರೆ ಎಲ್ಲಿಂದ ಬಂದೀತು? ಗೋದಲಿಯ ಪಕ್ಕ ಸಣ್ಣದೊಂದು ತೊಟ್ಟಿ ಕಟ್ಟಿಸಿ, ಹಸು ಬಾಯಾರಿದಾಗ ತಾನೇ ಕುಡಿಯಲಿ. ಜಾಗವಿದ್ದರೆ ಮನೆ ಹಿಂದೆ ಬೇಲಿ ಹಾಕಿ ದಿನದಲ್ಲಿ ಕೆಲವು ಗಂಟೆ ಹಗ್ಗ ಬಿಚ್ಚಿ ಬಿಡಿ. ಬಿಟ್ಟ ಹಸು ಬೆದೆಗೆ ಬಂದಿದ್ದು ಬೇಗ ಕಾಣುತ್ತದೆ, ಕಾಲಿಗೂ ಒಳ್ಳೆಯದು.

ವಿಡಿಯೊದಲ್ಲಿ ಕಾಣದ್ದು

ಇನ್ನು ಮಗನ ಮೊಬೈಲಿನಲ್ಲಿ ಬಾರದ ಸಂಗತಿಗಳು.

ಕ್ಲೋವಿಸ್ ಸೀಮೆಯ ಹಸು ಕುಡಿಯುವ ನೀರು, ಮೇವಿನ ಜೋಳಕ್ಕೆ ಹಾಯಿಸುವ ನೀರು ಬರುವುದು ಒಗಲಾಲ ಎಂಬ ನೆಲದೊಳಗಿನ ಭಾರಿ ಜಲಭಂಡಾರದಿಂದ. ಅಲ್ಲಿ ಮಳೆಯಿಂದ ತುಂಬುವುದಕ್ಕಿಂತ ಮೇಲೆತ್ತುವುದೇ ಹೆಚ್ಚು. ಬೋರ್‌ವೆಲ್ ಆಳಕ್ಕೆ ಇಳಿಯುತ್ತಾ ಹೋದರೆ ಏನಾಗುತ್ತದೆಂದು ಕೋಲಾರದವರಿಗೂ ಚಿತ್ರದುರ್ಗದವರಿಗೂ ನಾನು ಹೇಳಬೇಕಿಲ್ಲ.

ಎಲ್ಲ ಒಂದೇ ಕಡೆ ಇದ್ದರೆ ಕಷ್ಟವೂ ಒಂದೇ ಕಡೆ ಬೀಳುತ್ತದೆ. 2023ರ ಏಪ್ರಿಲ್‌ನಲ್ಲಿ ಪಕ್ಕದ ಟೆಕ್ಸಾಸ್‌ನ ಡಿಮಿಟ್ ಎಂಬಲ್ಲಿ ಒಂದು ಡೇರಿಗೆ ಬೆಂಕಿ ಬಿದ್ದು ಸುಮಾರು 18 ಸಾವಿರ ಹಸುಗಳು ಸತ್ತವು. 2024ರ ಮಾರ್ಚ್‌ನಲ್ಲಿ ಹಸುಗಳಲ್ಲಿ ಹಕ್ಕಿಜ್ವರ ಮೊದಲು ಪತ್ತೆಯಾದದ್ದು ಟೆಕ್ಸಾಸ್ ಮತ್ತು ಕಾನ್ಸಾಸ್ ರಾಜ್ಯಗಳ ಡೇರಿಗಳಲ್ಲೇ. ಬೇಗನೆ ನ್ಯೂ ಮೆಕ್ಸಿಕೊಕ್ಕೂ ಹಬ್ಬಿತು.

ದೊಡ್ಡವರು ಬೆಳೆದಾಗ ಸಣ್ಣವರಿಗೆ ಏನಾಯಿತು? 2003ರಲ್ಲಿ ಅಮೆರಿಕದಲ್ಲಿ ಹಾಲು ಮಾರುವ ಪರವಾನಗಿ ಇದ್ದ ಡೇರಿಗಳು ಸುಮಾರು 70 ಸಾವಿರ. ಇಪ್ಪತ್ತು ವರ್ಷ ಕಳೆದು 2023ರಲ್ಲಿ ಉಳಿದದ್ದು ಸುಮಾರು 26 ಸಾವಿರ. ದೇಶದ ಹಾಲು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಕಡಿಮೆಯಾದದ್ದು ಹಾಲಿನಿಂದ ಬದುಕುವ ಮನೆಗಳು. ದೊಡ್ಡ ಡೇರಿಗಳಲ್ಲಿ ಈಗ ಹಾಲು ಕರೆಯುವವರು ಬಹುಪಾಲು ಮೆಕ್ಸಿಕೊ ಮತ್ತು ಸುತ್ತಲಿನ ದೇಶಗಳಿಂದ ಬಂದ ಕೂಲಿಗಳು. ಹಸು ಅವರದಲ್ಲ.

ನಮ್ಮದೂ ದೊಡ್ಡ ಡೇರಿಯೇ

ಈಗ ನಮ್ಮ ಕಡೆ ನೋಡಿ. ನಿಮ್ಮ ಸಂಘದಲ್ಲಿ ಇನ್ನೂರು ಮಂದಿ ಇದ್ದು ಒಬ್ಬೊಬ್ಬರಿಗೆ ಮೂರು ಹಸು ಎಂದರೆ ಆರುನೂರು ಹಸುಗಳ ಡೇರಿ ಆಯಿತು. ಹಾಲು ತಣಿಸುವ ಯಂತ್ರ, ಫ್ಯಾಟ್ ಅಳೆಯುವ ಯಂತ್ರ, ಪಶು ಆಹಾರ ಕಾರ್ಖಾನೆ, ಡಾಕ್ಟರು, ಕೃತಕ ಗರ್ಭಧಾರಣೆ, ಟ್ಯಾಂಕರು, ಮಾರುಕಟ್ಟೆ, ಎಲ್ಲ ಹಂಚಿಕೊಂಡಿದ್ದೇವೆ. 1974ರಲ್ಲಿ ರಾಜ್ಯದಲ್ಲಿ ಶುರುವಾದ ಡೇರಿ ಅಭಿವೃದ್ಧಿ ಕೆಲಸ ಬೆಳೆದು 2024ರ ಜೂನ್‌ನಲ್ಲಿ ಕೆಎಂಎಫ್ ಒಂದೇ ದಿನ 1 ಕೋಟಿ ಲೀಟರ್ ಹಾಲು ಸಂಗ್ರಹಿಸಿತು. ಇದು ಒಂದೊಂದು ಕ್ಯಾನಿನಲ್ಲಿ ಎರಡು, ಐದು, ಹತ್ತು ಲೀಟರ್ ತಂದು ಹಾಕಿದ ನಿಮ್ಮಂಥವರ ಹಾಲು. ಒಂದು ಕೊಟ್ಟಿಗೆಗೆ ಕಷ್ಟ ಬಂದರೆ ಉಳಿದವು ನಡೆಯುತ್ತವೆ. ಲಾಭ ಬಂದರೆ ಬೋನಸ್ ನಿಮ್ಮ ಖಾತೆಗೇ.

ಆದರೆ ಸಂಘ ನಿಮ್ಮ ಹಸುವಿನ ಬೆದೆ ನೋಡಲಾರದು. ಅದು ನಿಮ್ಮ ಪುಸ್ತಕದ ಕೆಲಸ.

ಈಗ ಲೆಕ್ಕ

ಕರು ಹಾಕಿ ಎರಡು ಮೂರು ತಿಂಗಳಲ್ಲಿ ಹಸು ಮತ್ತೆ ಗಬ್ಬ ಕಟ್ಟಬೇಕು. ಬೆದೆ 21 ದಿನಕ್ಕೊಮ್ಮೆ. ಮೂರು ಬೆದೆ ತಪ್ಪಿದರೆ 63 ದಿನ. ಮೇವು ಹಿಂಡಿಗೆ ದಿನಕ್ಕೆ 150 ರೂಪಾಯಿ ಎಂದು ಇಟ್ಟುಕೊಂಡರೆ 9,450 ರೂಪಾಯಿ. ಒಂದು ಹಸುವಿನ ಮೇಲೆ, ತಾರೀಖು ಬರೆಯದ ಒಂದೇ ಕಾರಣಕ್ಕೆ. ಇದೇ ಅಭ್ಯಾಸದಲ್ಲಿ ಇಪ್ಪತ್ತು ಹಸು ಕಟ್ಟಿದರೆ 1,89,000 ರೂಪಾಯಿ. ಬ್ಯಾಂಕಿನ ಬಡ್ಡಿ ಬೇರೆ.

ಇಪ್ಪತ್ತು ಹಸುವಿಗೆ ದಿನಕ್ಕೆ ನಾಲ್ಕೈದು ಕ್ವಿಂಟಾಲ್ ಹಸಿ ಮೇವು ಬೇಕು. ಮೂರು ನಾಲ್ಕು ಕ್ವಿಂಟಾಲ್ ಸಗಣಿ ಎತ್ತಬೇಕು. ಕೊಯ್ಯುವವರು ಯಾರು, ಬಾಚುವವರು ಯಾರು ಎಂದು ಸಾಲದ ಅರ್ಜಿಗೆ ಮೊದಲೇ ಮನೆಯಲ್ಲಿ ಮಾತಾಗಲಿ. ಸಾಲ ಮಗನ ಹೆಸರಿಗೆ, ಸಗಣಿ ಅಮ್ಮನ ಪಾಲಿಗೆ ಎಂದಾಗಬಾರದು.

ಹಾಗೆಂದು ಬೆಳೆಯಬೇಡಿ ಎಂದು ನಾನು ಹೇಳುತ್ತಿಲ್ಲ. ಹಸು ಸಾಕುತ್ತೇನೆ ಎನ್ನುವ ಮಗ ಅಥವಾ ಮಗಳು ಮನೆಯಲ್ಲಿ ಇದ್ದರೆ ಅದು ನಿಮ್ಮ ಭಾಗ್ಯ. ಅವರನ್ನು ನಿರಾಶೆ ಮಾಡಬೇಡಿ, ಕೈಗೆ ಒಂದು ನೋಟ್‌ಬುಕ್ ಕೊಡಿ. ಹಸುವಿಗೊಂದು ಪುಟ. ಮೇಲೆ ಕಿವಿಯೋಲೆಯ 12 ಅಂಕಿ ಮತ್ತು ಹೆಸರು. ಕೆಳಗೆ ಬೆದೆ, ಇಂಜೆಕ್ಷನ್, ಗಬ್ಬ ಪರೀಕ್ಷೆ, ಬತ್ತಿಸಿದ ದಿನ, ಕರು ಹಾಕಿದ ದಿನ, ಕಾಯಿಲೆ, ಔಷಧಿ. ಹದಿನೈದು ದಿನಕ್ಕೊಮ್ಮೆ ಎರಡೂ ಹೊತ್ತಿನ ಹಾಲು ಅಳೆದು ಬರೆಯಲಿ. ಹಿಂಡಿ, ಮೇವಿನ ಖರ್ಚು ಒಂದು ಕಡೆ, ಸಂಘದ ಬಿಲ್ಲು ಇನ್ನೊಂದು ಕಡೆ.

ಒಂದು ವರ್ಷ ಬರೆದ ಮೇಲೆ ಪುಸ್ತಕವೇ ಹೇಳುತ್ತದೆ: ಯಾವ ಹಸು ದುಡಿಯುತ್ತಿದೆ, ಯಾವುದು ತಿನ್ನುತ್ತಿದೆ, ಐದಕ್ಕೆ ಹೋಗಬಹುದೇ, ಮೇವು ಎಷ್ಟು ಗುಂಟೆಯಲ್ಲಿ ಬೆಳೆಯಬೇಕು. ಹೊರಗಿನಿಂದ ತರುವ ಹಸುವಿಗಿಂತ ನಿಮ್ಮ ಕೊಟ್ಟಿಗೆಯಲ್ಲೇ ಗಿಣ್ಣದ ಹಾಲು ಕುಡಿದು ಬೆಳೆದ ಹೆಣ್ಣು ಕರು ಮೇಲು. ಐದರಿಂದ ಎಂಟು, ಎಂಟರಿಂದ ಹತ್ತು, ಹೀಗೆ ಬೆಳೆದರೆ ಸಾಲ ಬೇಕಾದರೂ ಸಣ್ಣದು ಸಾಕು.

ನನ್ನನ್ನು ಕೇಳಿದ ಆ ಅಕ್ಕನಿಗೂ ಇದೇ ಉತ್ತರ. ಮುಂದಿನ ಸಭೆಗೆ ಮಗನನ್ನೂ ಕರೆತನ್ನಿ. ವಿಡಿಯೊ ಅವನು ಎಲ್ಲರಿಗೂ ತೋರಿಸಲಿ, ನಾವೂ ನೋಡೋಣ. ಆಮೇಲೆ ನಿಮ್ಮ ಮೂರು ಹಸುವಿನ ಮೂರು ಪುಟ ತೆರೆದು ಇಟ್ಟುಕೊಂಡು ಕೂತು ಮಾತಾಡೋಣ. ಉಳಿದ ಅಕ್ಕಂದಿರೂ ನಿಮ್ಮ ನಿಮ್ಮ ಪುಸ್ತಕ ಮರೆಯದೆ ತನ್ನಿ.